ಗ್ಯಾರೇಜ್ ಖಾಲಿ ಮಾಡುವ ಮುಂಚೆ ಮೆಕ್ಯಾನಿಕ್ ಅಪ್ಪನ ಬದುಕನ್ನು ದಾಖಲಿಸಿಕೊಳ್ಳಿ

ತಾಲ್ಲೂಕು ಊರಿನ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಮೂವತ್ತು ನಲವತ್ತು ವರ್ಷ ಗ್ಯಾರೇಜ್ ನಡೆಸಿದವರು ತೀರಿಕೊಂಡರೆ, ತಿಥಿ ಕಳೆಯುವ ತನಕ ಮನೆಯವರು ಅಂಗಡಿಯ ಕಡೆ ಹೋಗುವುದಿಲ್ಲ. ಆಮೇಲೆ ಎಲ್ಲವೂ ಅವಸರದಲ್ಲೇ ಆಗುತ್ತದೆ. ಮಳಿಗೆಯವರು ಬಾಡಿಗೆ ಕೇಳುತ್ತಾರೆ, ಅಡ್ವಾನ್ಸ್ ವಾಪಸ್ ಬರಬೇಕಾದರೆ ಬೀಗದ ಕೈ ಕೊಡಬೇಕು, ಗುಜರಿಯವರು ಬಂದು ಇದ್ದಬದ್ದದ್ದನ್ನೆಲ್ಲ ಕೆ.ಜಿ. ಲೆಕ್ಕದಲ್ಲಿ ತೂಗಿ ಒಯ್ಯುತ್ತಾರೆ. ವರ್ಷಾಬ್ದಿಕಕ್ಕೆ ಒಂದು ಪುಸ್ತಿಕೆ ತರೋಣ ಎಂದು ಮಕ್ಕಳು ಕೂತಾಗ ಕೈಯಲ್ಲಿ ಉಳಿದಿರುವುದು ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ಜೊತೆಗೆ ‘ಕಷ್ಟಜೀವಿ, ಸರಳ ಸಜ್ಜನ’ ಎಂಬ ಎರಡು ಮಾತು.

ಮೆಕ್ಯಾನಿಕ್ಕುಗಳು ಡೈರಿ ಇಡುವುದು, ಪತ್ರ ಬರೆಯುವುದು ಕಡಿಮೆ. ಅವರ ಬದುಕೆಲ್ಲ ಬಾಕಿ ಪುಸ್ತಕದಲ್ಲಿ, ತಾವೇ ಮಾಡಿಕೊಂಡ ಟೂಲ್ಸ್‌ನಲ್ಲಿ, ಕೆಲಸ ಕಲಿತು ಹೋದ ಹುಡುಗರ ಬಾಯಲ್ಲಿ ಹಂಚಿಹೋಗಿರುತ್ತದೆ. ಈ ಮೂರನ್ನೂ ಕೂಡಿಸಿ ಓದಿದರೆ ಮನೆಯ ಕಥೆಯೂ ತಾನಾಗಿ ಹೊರಬರುತ್ತದೆ. ಅದಕ್ಕೆ ಬೇಕಾದ್ದು ಒಂದು ಫೋನು, ಒಂದು ನೋಟ್‌ಬುಕ್ಕು, ಮಳಿಗೆಯವರನ್ನು ಕೇಳಿ ಪಡೆದ ಒಂದು ತಿಂಗಳ ಅವಕಾಶ. ಆ ಒಂದು ತಿಂಗಳ ಬಾಡಿಗೆ ದುಬಾರಿ ಅನ್ನಿಸಿದರೂ ಕೊಟ್ಟುಬಿಡಿ. ಇಲ್ಲಿ ಬರೆದಿರುವುದು ಮುಖ್ಯವಾಗಿ ಟೂ ವೀಲರ್ ಗ್ಯಾರೇಜನ್ನು ಕಣ್ಣಮುಂದೆ ಇಟ್ಟುಕೊಂಡು. ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್ ಕೆಲಸದವರಿಗೂ ಕ್ರಮ ಇದೇ.

ಶಟರ್ ಎತ್ತಿದ ಮೇಲೆ

ಮೊದಲು ಪೊರಕೆ ಹಿಡಿಯಬೇಡಿ. ಬಾಗಿಲಲ್ಲಿ ನಿಂತು ಎಡಗೋಡೆಯಿಂದ ಶುರುಮಾಡಿ ಸುತ್ತಲೂ ಫೋಟೋ ತೆಗೆಯುತ್ತ ಬನ್ನಿ. ಒಂದು ಫೋಟೋದ ಅಂಚು ಮುಂದಿನದರಲ್ಲೂ ಸ್ವಲ್ಪ ಕಾಣುವಂತಿರಲಿ, ಆಗ ಯಾವುದು ಯಾವುದರ ಪಕ್ಕ ಇತ್ತು ಎಂಬುದು ಮುಂದೆ ಗೊಂದಲವಾಗುವುದಿಲ್ಲ. ಫ್ಲ್ಯಾಶ್ ಬೇಡ. ಗ್ರೀಸ್ ಹಿಡಿದ ಲೋಹ ಫ್ಲ್ಯಾಶಿಗೆ ಬಿಳಿಚಿಕೊಂಡು ಆಕಾರವೇ ಕಾಣುವುದಿಲ್ಲ. ಬೆಳಗಿನ ಹೊತ್ತು, ಶಟರ್ ಪೂರ್ತಿ ಎತ್ತಿ, ಬರುವ ಬೆಳಕಿನಲ್ಲೇ ತೆಗೆಯಿರಿ. ನೆಲವನ್ನೂ ಬಿಡಬೇಡಿ. ಗಾಡಿ ನಿಲ್ಲಿಸುತ್ತಿದ್ದ ಜಾಗದ ಎಣ್ಣೆ ಕಲೆ, ಕೂರುತ್ತಿದ್ದ ಮೋಟು ಸ್ಟೂಲು, ಅದರ ಮೇಲಿನ ರೆಕ್ಸಿನ್ ತುಂಡು ಎಲ್ಲವೂ ಬರಲಿ.

ಗೋಡೆಯನ್ನು ಹತ್ತಿರದಿಂದ ಓದಿ. ಬಾಗಿಲ ಹಿಂದೆ, ಸ್ವಿಚ್ ಬೋರ್ಡಿನ ಪಕ್ಕ, ಬೀರುವಿನ ಒಳಬದಿಯಲ್ಲಿ ಪೆನ್ಸಿಲಿನಲ್ಲೋ ಚಾಕ್‌ಪೀಸಿನಲ್ಲೋ ಬರೆದ ಫೋನ್ ನಂಬರುಗಳು ಇರುತ್ತವೆ. ಅವು ಹಳೆಯ ಗಿರಾಕಿಗಳದ್ದು, ಲೋಹ ಕಡೆದುಕೊಡುವ ಲೇತ್ ಅಂಗಡಿಯದ್ದು, ಸ್ಪೇರ್ಸ್ ತರಿಸುತ್ತಿದ್ದ ಕಡೆಯದ್ದು. ಮುಂದೆ ಯಾರನ್ನು ಮಾತಾಡಿಸಬೇಕು ಎಂಬ ಪಟ್ಟಿ ಅಲ್ಲೇ ಸಿದ್ಧವಾಗಿದೆ. ಸುಣ್ಣ ಬಳಿದರೆ ಹೋಯಿತು.

ಆಮೇಲೆ ಬೇರೆಯವರ ಸೊತ್ತನ್ನು ಬೇರೆ ಮಾಡಿ. ರಿಪೇರಿಗೆ ಬಂದು ನಿಂತ ಗಾಡಿ, ಅರ್ಧ ಬಿಚ್ಚಿದ ಇಂಜಿನ್, ವೆಲ್ಡಿಂಗಿಗೆಂದು ಬಿಟ್ಟುಹೋದ ಸೈಲೆನ್ಸರ್ ಇವನ್ನೆಲ್ಲ ಮೊದಲು ಮಾಲೀಕರಿಗೆ ತಲುಪಿಸಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಸಹಿ ಪಡೆಯಿರಿ. ಬಿಚ್ಚಿದ ಇಂಜಿನ್ನಿನ ಭಾಗಗಳನ್ನು ಗುರುತಿಸಲು ಅಪ್ಪನ ಬಳಿ ಕೆಲಸ ಮಾಡಿದ ಒಬ್ಬರನ್ನು ಕರೆಸಿ. ಮನೆಯವರು ಅಂದಾಜಿನಲ್ಲಿ ಡಬ್ಬಿಗೆ ತುಂಬಿ ಕೊಟ್ಟರೆ ಒಬ್ಬರ ಸರ್ಕ್ಲಿಪ್ ಇನ್ನೊಬ್ಬರ ಡಬ್ಬಿಗೆ ಸೇರಿ, ಸತ್ತವರ ಹೆಸರಿಗೆ ಕೆಟ್ಟ ಮಾತು ಬರುತ್ತದೆ. ಬಾಟಲಿಯಲ್ಲಿ ಉಳಿದ ಪೆಟ್ರೋಲು, ಹಳೆಯ ಬ್ಯಾಟರಿ ಇವು ಮಾತ್ರ ಅದೇ ದಿನ ಹೊರಗೆ ಹೋಗಲಿ.

ಬಾಕಿ ಪುಸ್ತಕ ಓದುವ ಬಗೆ

ಇಡೀ ಗ್ಯಾರೇಜಿನಲ್ಲಿ ಅತ್ಯಂತ ಬೆಲೆಬಾಳುವುದು ಎಣ್ಣೆ ಕೈ ಅಂಟಿದ ಆ ಉದ್ದ ನೋಟ್‌ಬುಕ್ಕುಗಳು. ರದ್ದಿಗೆ ಮೊದಲು ಹೋಗುವುದೂ ಅವೇ. ಬಿಲ್ ಬುಕ್, ಬಾಕಿ ಪುಸ್ತಕ, ಸ್ಪೇರ್ಸ್ ಚೀಟಿ, ಕ್ಯಾಲೆಂಡರಿನ ಚೌಕದಲ್ಲಿ ಗೀಚಿದ ಲೆಕ್ಕ ಎಲ್ಲವನ್ನೂ ಒಂದು ಕಡೆ ಸೇರಿಸಿ, ವರ್ಷದ ಪ್ರಕಾರ ಜೋಡಿಸಿ.

ಎಣ್ಣೆ ಕುಡಿದ ಹಾಳೆ ಪಾರದರ್ಶಕವಾಗಿರುತ್ತದೆ. ಹಾಗೇ ಫೋಟೋ ತೆಗೆದರೆ ಹಿಂಬದಿಯ ಬರಹವೂ ಮುಂದೆ ಮೂಡಿ ಎರಡೂ ಓದಲಾಗುವುದಿಲ್ಲ. ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಟ್ಟು ತೆಗೆಯಿರಿ, ಹಿಂದಿನ ಅಕ್ಷರ ಮಂಕಾಗುತ್ತದೆ. ಒಂದೇ ಬದಿಯಲ್ಲಿ ಬರೆದಿದ್ದರೆ ಬಿಳಿ ಕಾಗದ ಸಾಕು. ಕಲೆ ತೆಗೆಯಲು ಸೀಮೆಎಣ್ಣೆ, ಸೋಪಿನ ನೀರು ಮುಟ್ಟಿಸಬೇಡಿ, ಇಂಕು ಹರಡುತ್ತದೆ. ಪುಟಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ಮೇಲೆ ಭಾರ ಹೇರದೆ ಕೆಲವು ದಿನ ಬಿಟ್ಟರೆ ಒಸರುವ ಎಣ್ಣೆಯನ್ನು ಅದು ಹೀರುತ್ತದೆ. ಕಂಪ್ಯೂಟರಿನಲ್ಲಿ ಬಂದ ನುಣುಪು ಚೀಟಿಗಳು ಥರ್ಮಲ್ ಕಾಗದದವು, ಕೆಲವು ವರ್ಷಗಳಲ್ಲಿ ತಾವಾಗಿಯೇ ಬಿಳಿಯಾಗುತ್ತವೆ. ಅವುಗಳ ಫೋಟೋ ಮೊದಲು ತೆಗೆಯಿರಿ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್‌ಗೆ ಕೊಟ್ಟರೆ ಬಿಸಿಗೆ ಚೀಟಿ ಪೂರ್ತಿ ಕಪ್ಪಾಗಿ ಕೈಗೆ ಬರುತ್ತದೆ.

ಓದುವಾಗ ಮೂರು ವಿಷಯ ಹುಡುಕಿ. ಮೊದಲನೆಯದು ಕೆಲಸದ ಹೆಸರು ಮತ್ತು ದರ. ಡಿಕಾರ್ಬನ್ (ಇಂಜಿನ್ನಿನ ಮಸಿ ತೆಗೆಯುವುದು), ಪಾಯಿಂಟ್ ಸೆಟ್ಟಿಂಗ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪಾಯಿಂಟನ್ನು ಸರಿಹೊಂದಿಸುವುದು), ಕ್ಲಚ್ ಪ್ಲೇಟ್ ಬದಲು, ಇಂಜಿನ್ ಬೋರ್ (ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು) ಇವಕ್ಕೆ ಯಾವ ವರ್ಷ ಎಷ್ಟು ತೆಗೆದುಕೊಂಡರು ಎಂದು ಬರೆದುಕೊಳ್ಳುತ್ತ ಹೋದರೆ ದರ ಏರಿಸದೆ ಕೂತ ವರ್ಷಗಳು ಕಣ್ಣಿಗೆ ಬೀಳುತ್ತವೆ. ಎರಡನೆಯದು ಗಾಡಿ. ಎಷ್ಟೋ ಪುಸ್ತಕಗಳಲ್ಲಿ ಗಿರಾಕಿಯ ಹೆಸರೇ ಇರುವುದಿಲ್ಲ, ‘ಹೊಸಹಳ್ಳಿ ಯೆಜ್ಡಿ’, ‘ಮೇಷ್ಟ್ರ ಲೂನಾ’ ಎಂದಿರುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿನ ಜಾವಾ, ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಫೋರ್ ಸ್ಟ್ರೋಕ್ ಇಂಜಿನ್ನಿನ ಗಾಡಿಗಳಲ್ಲಿ 1985ರ ನಂತರ ಹೀರೋ ಹೋಂಡಾ ಸಿಡಿ 100, 1994ರ ನಂತರ ಸ್ಪ್ಲೆಂಡರ್ ಊರೂರಿಗೆ ಬಂದವು. ಟೂ ಸ್ಟ್ರೋಕ್ ಕಲಿತ ಕೈ ಫೋರ್ ಸ್ಟ್ರೋಕಿಗೆ ಹೊರಳಿದ್ದು ಯಾವಾಗ, ಆ ನಡುವೆ ಕೆಲಸ ಕಡಿಮೆಯಾಯಿತೇ, ಹೊಸ ಇಂಜಿನ್ನನ್ನು ಅವರು ಕಲಿತದ್ದು ಯಾರಿಂದ ಎಂಬ ಪ್ರಶ್ನೆಗಳು ಈ ಪುಟಗಳಲ್ಲೇ ಹುಟ್ಟುತ್ತವೆ.

ಮೂರನೆಯದು ಖಾಲಿ ವಾರಗಳು. ದಿನವೂ ನಾಲ್ಕೈದು ಸಾಲು ಬರೆದಿರುವ ಪುಸ್ತಕದಲ್ಲಿ ಎಂಟು ಹತ್ತು ದಿನ ಏನೂ ಇಲ್ಲ ಎಂದರೆ ಮನೆಯಲ್ಲಿ ಏನೋ ನಡೆದಿದೆ. ಆ ದಿನಾಂಕ ಹಿಡಿದುಕೊಂಡು ಅಮ್ಮನನ್ನು ಕೇಳಿ. ಬಾಣಂತನ, ಮಗಳ ಮದುವೆ, ಅಜ್ಜಿಯ ಸಾವು, ಕಾಮಾಲೆ ಬಂದು ಮಲಗಿದ್ದು, ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಖಾಲಿ ವಾರದ ಹಿಂದಿನ ತಿಂಗಳು ಸಾಲುಗಳು ಇದ್ದಕ್ಕಿದ್ದಂತೆ ದಟ್ಟವಾಗಿದ್ದರೆ ಆ ಖರ್ಚಿಗೆಂದು ರಾತ್ರಿ ಕೂತು ದುಡಿದಿದ್ದಾರೆ ಎಂದು ಅರ್ಥ. ಜೂನ್ ತಿಂಗಳ ಪುಟದ ಅಂಚಿನಲ್ಲಿ ಗೀಚಿದ ಕೂಡುವ ಲೆಕ್ಕ ಶಾಲೆಯ ಫೀಸಿನದ್ದಾಗಿರಬಹುದು. ಗ್ಯಾರೇಜಿನ ಕಥೆಗೂ ಮನೆಯ ಕಥೆಗೂ ಗಂಟು ಬೀಳುವುದು ಇಲ್ಲಿಯೇ. ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಡಿ.

ಬಾಕಿದಾರರ ಹೆಸರನ್ನು ಮಾತ್ರ ಎಲ್ಲಿಯೂ ಅಚ್ಚು ಹಾಕಿಸಬೇಡಿ, ಪುಟದ ಫೋಟೋ ಹಾಕುವುದಾದರೆ ಹೆಸರು ಮುಚ್ಚಿ. ಬಾಕಿ ವಸೂಲಿ ಮಾಡಬೇಕೋ ಬಿಡಬೇಕೋ ಎಂಬುದು ಅಮ್ಮನ ತೀರ್ಮಾನ, ಅದನ್ನು ಪುಸ್ತಿಕೆಯ ಕೆಲಸದ ಜೊತೆ ಬೆರೆಸಬಾರದು. ಯಾರಾದರೂ ತಾವಾಗಿ ಬಂದು ಹಳೆಯ ಬಾಕಿ ಕೊಟ್ಟುಹೋದರೆ ಅವರು ಆಡಿದ ಮಾತನ್ನು ಆ ದಿನವೇ ಬರೆದಿಡಿ.

ಟೂಲ್ಸ್: ಯಾವುದು ಉಳಿಯಬೇಕು

ಅಂಗಡಿಯಲ್ಲಿ ಸಿಗುವ ಪಾನಾ ಸೆಟ್ಟು, ಜಾಕ್, ಕಂಪ್ರೆಸರ್ ಇವನ್ನು ಕೆಲಸ ಮುಂದುವರಿಸುವ ಹುಡುಗರಿಗೆ ಕೊಡುವುದು ಒಳ್ಳೆಯದು. ಮನೆಯಲ್ಲಿ ಉಳಿಯಬೇಕಾದ್ದು ಎರಡು ಬಗೆ. ಅಪ್ಪನ ಕೈ ಸವೆಸಿದ ಟೂಲ್ಸ್ ಒಂದು, ಅವರೇ ತಯಾರಿಸಿಕೊಂಡದ್ದು ಇನ್ನೊಂದು. ಈ ಎರಡನೆಯದು ನೋಡಿದವರಿಗೆ ಕಸದಂತೆ ಕಾಣುವುದರಿಂದ ಗುಜರಿಗೆ ಹೋಗುವುದು ಅದೇ ಹೆಚ್ಚು.

ಒಂದು ಸೈಕಲ್ ಕಡ್ಡಿ, ಮಧ್ಯದಲ್ಲಿ ಅರದಿಂದ ಗೀರಿದ ಎರಡು ಗುರುತು ಇದ್ದರೆ ಎಸೆಯಬೇಡಿ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಕಡ್ಡಿ ಇಳಿಸಿ, ಪಿಸ್ಟನ್ ತುತ್ತತುದಿಗೆ ಬರುವ ಜಾಗವನ್ನೂ ಅದಕ್ಕಿಂತ ಕೆಲವು ಮಿಲಿಮೀಟರ್ ಮೊದಲು ಕಿಡಿ ಹಾರಬೇಕಾದ ಜಾಗವನ್ನೂ ಅದರಲ್ಲಿ ನೋಡುತ್ತಿದ್ದರು. ಜಾವಾ, ಯೆಜ್ಡಿಯ ಟೈಮಿಂಗ್ ಕೂರಿಸುವ ಅಳತೆಗೋಲು ಅದು. ಜೊತೆಗೆ ಸಿಗರೇಟ್ ಪ್ಯಾಕಿನ ತೆಳು ಕಾಗದದ ಚೂರು ಸಿಕ್ಕರೆ ಅದೂ ಅದೇ ಕೆಲಸದ್ದು. ಪಾಯಿಂಟಿನ ನಡುವೆ ಕಾಗದ ಇಟ್ಟು ಮೆಲ್ಲಗೆ ಎಳೆಯುತ್ತ ಮ್ಯಾಗ್ನೆಟ್ ತಿರುಗಿಸಿದರೆ, ಪಾಯಿಂಟ್ ತೆರೆದ ಕ್ಷಣ ಕಾಗದ ಜಾರಿ ಕೈಗೆ ಬರುತ್ತದೆ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು, ಹಲ್ಲು ಉಜ್ಜಿ ತೆಗೆದದ್ದಿದ್ದರೆ, ಪ್ಲಗ್ ಗ್ಯಾಪ್ ನೋಡುವ ಗೇಜ್. ಬ್ಲೇಡಿನ ದಪ್ಪ ಸುಮಾರು 0.6 ಮಿಲಿಮೀಟರ್, ಬೇಕಾದ ಗ್ಯಾಪೂ ಹೆಚ್ಚುಕಡಿಮೆ ಅಷ್ಟೇ. ಹಳೆಯ ಕ್ಲಚ್ ಪ್ಲೇಟುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿ ಹಿಡಿ ಕೂರಿಸಿದ್ದರೆ ಅದು ಕ್ಲಚ್ ತಿರುಗದಂತೆ ಹಿಡಿಯುವ ಲಾಕ್. ಹಿಡಿಯ ತುದಿ ನುಣುಪಾಗಿರುವ ಉದ್ದ ಸ್ಕ್ರೂಡ್ರೈವರ್ ಇದ್ದರೆ ತುದಿಯನ್ನು ಇಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ ಬೇರಿಂಗ್ ಸದ್ದು ಕೇಳುತ್ತಿದ್ದರೇ ಎಂದು ಹುಡುಗರನ್ನು ಕೇಳಿ.

ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ ಕಟ್ಟಿ, ಪೆನ್ಸಿಲಿನಲ್ಲಿ ನಂಬರ್ ಬರೆಯಿರಿ. ಹತ್ತಿಯ ದಾರ ಇರಲಿ, ರಬ್ಬರ್ ಬ್ಯಾಂಡ್ ಬೇಡ, ಅದು ಕರಗಿ ಲೋಹಕ್ಕೆ ಅಂಟುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ. ನೋಟ್‌ಬುಕ್ಕಿನಲ್ಲಿ ಅದೇ ನಂಬರಿನ ಎದುರು ಏನು, ಯಾವ ಗಾಡಿಗೆ, ಯಾರು ಮಾಡಿದ್ದು, ಯಾರು ಹೇಳಿದ್ದು ಎಂಬ ನಾಲ್ಕು ವಿವರ. ಸ್ವಚ್ಛ ಮಾಡಲು ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಇಂಜಿನ್ ಆಯಿಲನ್ನು ತೆಳ್ಳಗೆ ಸವರಿ. ಬಫಿಂಗ್ ಮಾಡಿಸಿ ಮಿಂಚಿಸಬೇಡಿ, ಪೇಂಟ್ ಹೊಡೆಯಬೇಡಿ. ಹೆಬ್ಬೆರಳು ಕೂತು ಸವೆದ ಗುಳಿ ಹೋದರೆ ಅದನ್ನು ಇಟ್ಟುಕೊಂಡೂ ಉಪಯೋಗವಿಲ್ಲ.

ಅಪ್ಪನ ಸ್ವಂತ ಗಾಡಿ ಉಳಿಸಿಕೊಳ್ಳುವುದಾದರೆ ಟ್ಯಾಂಕ್, ಕಾರ್ಬುರೇಟರ್ ಖಾಲಿ ಮಾಡಿಸಿ, ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಮೆಲ್ಲಗೆ ಕಿಕ್ ಒತ್ತಿ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಸಾವಿನ ಸುದ್ದಿಯನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾವಣೆಗೆ ನಮೂನೆ 31ರಲ್ಲಿ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು.

ಯಾರನ್ನು ಕೇಳಬೇಕು, ಏನು ಕೇಳಬೇಕು

‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥ ಮನುಷ್ಯ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕೈಗೆ ಒಂದು ಟೂಲ್ ಕೊಟ್ಟು ‘ಇದರಲ್ಲಿ ಏನು ಮಾಡ್ತಿದ್ರು, ತೋರಿಸಣ್ಣ’ ಎನ್ನಿ. ಕೈ ಆಡತೊಡಗಿದರೆ ಬಾಯಿಯೂ ಆಡುತ್ತದೆ.

ಕೆಲಸ ಕಲಿತ ಹುಡುಗರಿಂದ ಶುರುಮಾಡಿ. ಈಗ ಅವರಿಗೂ ಐವತ್ತು ದಾಟಿರಬಹುದು. ಮೊದಲ ದಿನ ಯಾವ ಕೆಲಸ ಕೊಟ್ಟರು? ಸೀಮೆಎಣ್ಣೆಯಲ್ಲಿ ಪಾರ್ಟ್ಸ್ ತೊಳೆಯುವುದೇ, ಟೀ ತರುವುದೇ, ‘ಹತ್ತು-ಹನ್ನೊಂದು ಕೊಡೋ, ಹನ್ನೆರಡು-ಹದಿಮೂರು ಕೊಡೋ’ ಎಂದಾಗ ಪಾನಾ ಎತ್ತಿ ಕೊಡುವುದೇ? ಇಂಜಿನ್ ಬಿಚ್ಚಲು ಬಿಟ್ಟದ್ದು ಎಷ್ಟು ದಿನಕ್ಕೆ? ಯಾವ ತಪ್ಪಿಗೆ ಹೊಡೆದರು, ಯಾವ ತಪ್ಪಿಗೆ ಸುಮ್ಮನಿದ್ದರು? ಸ್ವಂತ ಅಂಗಡಿ ಹಾಕಿದಾಗ ಏನು ಕೊಟ್ಟು ಕಳಿಸಿದರು? ಹಾಗೆಯೇ ಅಪ್ಪ ಯಾರ ಬಳಿ ಕಲಿತರು, ಆ ಉಸ್ತಾದ್ ಯಾರ ಬಳಿ ಕಲಿತರು ಎಂದು ಒಂದು ತಲೆಮಾರು ಹಿಂದಕ್ಕೂ ಹೋಗಿ. ಇದು ಮನೆಯವರಿಗಿಂತ ಹುಡುಗರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಲೇತಿನವರನ್ನು ಬಿಡಬೇಡಿ. ಸಿಲಿಂಡರ್ ಬೋರ್ ಮಾಡಿಸಲು ಅವರ ಹತ್ತಿರವೇ ಹೋಗುತ್ತಿದ್ದದ್ದು. ಸವೆದ ಸಿಲಿಂಡರನ್ನು 0.25, 0.50 ಮಿಲಿಮೀಟರ್ ಎಂದು ಓವರ್‌ಸೈಜ್ ಏರಿಸುವಾಗ ಅಪ್ಪ ಎಷ್ಟು ಹಟ ಹಿಡಿಯುತ್ತಿದ್ದರು ಎಂದು ಅವರು ಹೇಳಬಲ್ಲರು. ಸ್ಪೇರ್ಸ್ ಅಂಗಡಿಯವರಿಗೆ ಅಪ್ಪ ಯಾವ ಮಾಲು ಮುಟ್ಟುತ್ತಿರಲಿಲ್ಲ, ಸಾಲವನ್ನು ಯಾವ ವಾರ ತೀರಿಸುತ್ತಿದ್ದರು ಎಂಬುದು ಗೊತ್ತು. ಎದುರಿನ ಟೀ ಅಂಗಡಿಯವರಿಗೆ ಅವರ ದಿನಚರಿಯೇ ಬಾಯಿಪಾಠ. ಜಾವಾ ಕೆಲಸಕ್ಕೆ ಹೆಸರಾದವರಾಗಿದ್ದರೆ ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಸೇರುವ ಹಳೆಯ ಮಾಲೀಕರಲ್ಲೂ ಅವರನ್ನು ಬಲ್ಲವರು ಸಿಗಬಹುದು.

ಅಮ್ಮನನ್ನು ಕೊನೆಗೆ ಕೇಳಿ, ಸಮಯ ಕೊಟ್ಟು ಕೇಳಿ, ಒಂದೇ ಸಲಕ್ಕೆ ಮುಗಿಸಬೇಡಿ. ದೊಡ್ಡ ಪ್ರಶ್ನೆಗಳಿಗಿಂತ ದಿನದ ಪ್ರಶ್ನೆ ಒಳ್ಳೆಯದು. ರಾತ್ರಿ ಬಂದವರು ಕೈ ಯಾವುದರಲ್ಲಿ ತೊಳೆಯುತ್ತಿದ್ದರು, ಸೋಪಿನ ಪುಡಿಯಲ್ಲೋ ಮರದ ಹೊಟ್ಟಿನಲ್ಲೋ? ಆ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ನೆನೆಸುತ್ತಿದ್ದಿರಾ? ದುಡ್ಡು ಎಲ್ಲಿ ಇಡುತ್ತಿದ್ದರು, ಲೆಕ್ಕ ನಿಮಗೆ ಹೇಳುತ್ತಿದ್ದರಾ? ಊಟಕ್ಕೆ ಕಾದು ಕೂತ ರಾತ್ರಿಗಳೆಷ್ಟು? ಮಕ್ಕಳಿಗೆ ಬೇರಿಂಗ್ ಗಾಡಿ ಮಾಡಿಕೊಟ್ಟರಾ? ಹೆಂಗಸರ ದುಡಿಮೆ ಇಂಥ ನೆನಪಿನ ಪುಸ್ತಿಕೆಗಳಿಂದ ಸಲೀಸಾಗಿ ಬಿಟ್ಟುಹೋಗುತ್ತದೆ. ಗ್ಯಾರೇಜ್ ನಡೆದದ್ದರಲ್ಲಿ ಅವರ ಪಾಲು ಎಷ್ಟು ಎಂಬುದು ಈ ಉತ್ತರಗಳಲ್ಲಿದೆ.

ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಮಾತಾಡುವವರಿಂದ ಒಂದೂವರೆ ಅಡಿ ದೂರದಲ್ಲಿ ಇಡಿ. ಫ್ಯಾನ್ ಆರಿಸಿ. ಶುರುವಿನಲ್ಲೇ ದಿನಾಂಕ, ಊರು, ಹೆಸರು ಹೇಳಿ, ಅಚ್ಚು ಹಾಕಲು ಒಪ್ಪಿಗೆಯನ್ನೂ ಅಲ್ಲೇ ಕೇಳಿ. ಮುಕ್ಕಾಲು ಗಂಟೆ ದಾಟಿಸಬೇಡಿ. ಗ್ಯಾರೇಜಿನ ಒಳಗೆ ಮಾತಾಡಿಸಿದರೆ ನೆನಪು ಹೆಚ್ಚು ಬರುತ್ತದೆ, ಆದರೆ ಪಕ್ಕದ ಅಂಗಡಿಯ ಕಂಪ್ರೆಸರ್ ಸದ್ದು ಮಾತನ್ನು ನುಂಗುತ್ತದೆ. ಭಾನುವಾರ ಮಧ್ಯಾಹ್ನ ನೋಡಿಕೊಳ್ಳಿ. ಅಪ್ಪ ಇನ್ನೂ ಇದ್ದಾರೆ ಎಂದಾದರೆ ಇದನ್ನೆಲ್ಲ ಅವರಿಂದಲೇ ಕೇಳಿ, ಒಂದು ಇಂಜಿನ್ ಸ್ಟಾರ್ಟ್ ಮಾಡಿಸಿ ‘ಈ ಸದ್ದು ಯಾವುದರದ್ದು?’ ಎಂದು ಕೇಳುತ್ತ ವಿಡಿಯೋ ಮಾಡಿ.

ಫೋಟೋಗೆ ವರ್ಷ ಕಂಡುಹಿಡಿಯುವುದು

ಗ್ಯಾರೇಜಿನವರ ಹತ್ತಿರ ಆಯುಧಪೂಜೆಯ ಫೋಟೋ ಇದ್ದೇ ಇರುತ್ತದೆ. ಟೂಲ್ಸ್ ಜೋಡಿಸಿ, ಕುಂಬಳಕಾಯಿ ಒಡೆದು, ಹುಡುಗರೊಂದಿಗೆ ಸಾಲಾಗಿ ನಿಂತದ್ದು. ಹಲವು ವರ್ಷದವು ಸಿಕ್ಕರೆ ವರ್ಷದ ಪ್ರಕಾರ ಹರಡಿ, ಯಾವ ಹುಡುಗ ಯಾವಾಗ ಬಂದ, ಯಾವಾಗ ಇಲ್ಲವಾದ ಎಂದು ಗುರುತಿಸಿ. ವರ್ಷ ಬರೆದಿಲ್ಲದಿದ್ದರೆ ಗಾಡಿಗಳನ್ನು ನೋಡಿ. ಯಮಹಾ ಆರ್‌ಎಕ್ಸ್ 100 ಇದ್ದರೆ 1985ಕ್ಕಿಂತ ಹಿಂದಿನದಲ್ಲ, ಸ್ಪ್ಲೆಂಡರ್ ಇದ್ದರೆ 1994ಕ್ಕಿಂತ ಹಿಂದಿನದಲ್ಲ. ನಂಬರ್ ಪ್ಲೇಟ್ ಇನ್ನೂ ಒಳ್ಳೆಯ ಸಾಕ್ಷಿ. ‘ಕೆಎ’ ಎಂದು ಶುರುವಾಗುವ ನಂಬರು 1989ರ ಜುಲೈಗೆ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ ನಂತರದ್ದು. ಸ್ವಂತ ಗಾಡಿಗಳಿಗೆ 2001ರ ತನಕ ಕಪ್ಪು ಪ್ಲೇಟಿನ ಮೇಲೆ ಬಿಳಿ ಅಕ್ಷರ, ಆಮೇಲೆ ಬಿಳಿಯ ಮೇಲೆ ಕಪ್ಪು. ಬಾಡಿಗೆ ಗಾಡಿಗಳಿಗೆ ಮೊದಲು ಬಿಳಿ ಪ್ಲೇಟ್ ಇತ್ತು, ಆದ್ದರಿಂದ ಲಾರಿ, ಟ್ಯಾಕ್ಸಿ ನೋಡಿ ಮೋಸಹೋಗಬೇಡಿ. ಈ ಎಲ್ಲ ಗುರುತುಗಳೂ ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತವೆ, ಹಳೆಯ ಪ್ಲೇಟನ್ನು ಎಷ್ಟೋ ವರ್ಷ ಹಾಗೇ ಬಿಟ್ಟವರಿದ್ದಾರೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಮೂಡಿದ್ದರೆ ಪೂರ್ತಿ ನಂಬಬೇಡಿ, ಕ್ಯಾಮೆರಾದ ಗಡಿಯಾರ ಸರಿಪಡಿಸದೆ ತೆಗೆದವೇ ಹೆಚ್ಚು.

ಪ್ರಿಂಟುಗಳನ್ನು 600 ಡಿಪಿಐನಲ್ಲಿ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ), ನೆಗೆಟಿವ್ ಸಿಕ್ಕರೆ 2400ರಲ್ಲಿ ಸ್ಕ್ಯಾನ್ ಮಾಡಿಸಿ. ಅಂಟು ಆಲ್ಬಮ್ಮಿನಿಂದ ಫೋಟೋ ಕೀಳಲು ಹೋದರೆ ಹರಿಯುತ್ತದೆ, ಪುಟ ಸಮೇತ ಸ್ಕ್ಯಾನ್ ಮಾಡಿ. ನೆಂಟರಿಂದ ಫೋಟೋ ತರಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿನಂತೆ ಕಳಿಸಿದರೆ ಕುಗ್ಗಿಹೋಗಿ ಅಚ್ಚಿಗೆ ಬಾರದಾಗುತ್ತದೆ.

ಬರವಣಿಗೆ ಮತ್ತು ಅಚ್ಚು

ಬರೆಯುವಾಗ ಒಂದೇ ನಿಯಮ ಇಟ್ಟುಕೊಳ್ಳಿ: ಗುಣವಾಚಕ ಬಂದ ಕಡೆ ಸಾಕ್ಷಿ ಬರಬೇಕು. ‘ಪ್ರಾಮಾಣಿಕರು’ ಎಂಬುದನ್ನು ಹೊಡೆದುಹಾಕಿ, ‘ಬದಲಿಸಿದ ಹಳೆಯ ಪಾರ್ಟನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೆ ಕೊಡುತ್ತಿದ್ದರು’ ಎಂದು ಬರೆಯಿರಿ, ಅದು ನಿಜವಾಗಿದ್ದರೆ ಮಾತ್ರ. ‘ಕಷ್ಟಜೀವಿ’ ಎಂಬುದರ ಜಾಗದಲ್ಲಿ ಶಟರ್ ಎತ್ತುತ್ತಿದ್ದ ಹೊತ್ತು, ಇಳಿಸುತ್ತಿದ್ದ ಹೊತ್ತು, ಸುಗ್ಗಿಯ ತಿಂಗಳಲ್ಲಿ ಅದು ಎಷ್ಟು ಹಿಂದುಮುಂದಾಗುತ್ತಿತ್ತು ಎಂಬುದು ಬರಲಿ. ‘ತುಂಬಲಾರದ ನಷ್ಟ’ ಎಂದು ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಇರಲಿ, ಪುಸ್ತಿಕೆಯಲ್ಲಿ ಬೇಡ.

ಸಿಟ್ಟು, ಕುಡಿತ, ಅಣ್ಣತಮ್ಮಂದಿರ ಜಗಳ ಇವು ಇದ್ದರೆ ಅಮ್ಮ ಒಪ್ಪುವಷ್ಟನ್ನು ಬರೆಯಿರಿ. ಪೂರ್ತಿ ಮುಚ್ಚಿಟ್ಟು ಹೊಗಳಿದರೆ ಊರಿನವರು ಉಳಿದ ಪುಟಗಳನ್ನೂ ನಂಬುವುದಿಲ್ಲ. ಬೆನ್ನುನೋವು, ಬಾಯಲ್ಲಿ ಪೆಟ್ರೋಲ್ ಎಳೆದು ಕೆಟ್ಟ ಹೊಟ್ಟೆ, ಬ್ರೇಕ್ ಶೂ ಧೂಳಿನ ಕೆಮ್ಮು ಇವೂ ಆ ಬದುಕಿನ ಭಾಗ, ಬಿಡಬೇಡಿ. ಕೆಲಸ ಕಲಿತವರ ಪಟ್ಟಿಗೆ ಒಂದು ಇಡೀ ಪುಟ ಕೊಡಿ: ಹೆಸರು, ಯಾವ ವರ್ಷ ಬಂದದ್ದು, ಈಗ ಎಲ್ಲಿ. ಹೆಸರು ಹಾಕುವ ಮುಂಚೆ ಅವರವರನ್ನು ಕೇಳಿ.

ಡೆಮಿ ಅಷ್ಟಪತ್ರ, ಅಂದರೆ ಮಾಮೂಲಿ ಕನ್ನಡ ಪುಸ್ತಕದ ಅಳತೆಯಲ್ಲಿ 32 ಪುಟ ಸಾಕು. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, 30 ಪುಟ ಬರೆದು ಕೊಟ್ಟರೆ ಎರಡು ಪುಟ ಖಾಲಿ ಉಳಿಯುತ್ತದೆ. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್‌ಲಿಥೋ, ಹೊದಿಕೆಗೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ಫೋಟೋಗಳು ಅಚ್ಚಿನ ಅಳತೆಯಲ್ಲಿ 300 ಡಿಪಿಐ ಇರಬೇಕು. ನೂರಿನ್ನೂರು ಪ್ರತಿಗೆ ಡಿಜಿಟಲ್ ಪ್ರಿಂಟ್ ಸರಿಹೋಗುತ್ತದೆ. ನೀವು ಫೋನಿನಲ್ಲಿ ಯೂನಿಕೋಡಿನಲ್ಲಿ ಬರೆದದ್ದನ್ನು ಡಿಟಿಪಿಯವರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುತ್ತವೆ. ‘ಕಾರ್ಬುರೇಟರ್’, ‘ವರ್ಷ’, ‘ಸರ್ವೀಸ್’ ಎಂಬ ಪದಗಳನ್ನು ಪ್ರೂಫಿನಲ್ಲಿ ಒಂದೊಂದಾಗಿ ನೋಡಿ, ಗ್ಯಾರೇಜಿನ ಬರಹದಲ್ಲಿ ಅರ್ಕಾವತ್ತು ಹೆಜ್ಜೆಗೊಂದು ಬರುತ್ತದೆ. ಒಂದು ಪ್ರೂಫನ್ನು ಅಮ್ಮನಿಗೆ ಗಟ್ಟಿಯಾಗಿ ಓದಿಹೇಳಿ, ಇನ್ನೊಂದನ್ನು ಹಳೆಯ ಹುಡುಗರಲ್ಲಿ ಹಿರಿಯರಿಗೆ ಕೊಡಿ. ಮನೆಯ ತಪ್ಪು ಅಮ್ಮನಿಗೆ ಸಿಗುತ್ತದೆ, ಇಂಜಿನ್ನಿನ ತಪ್ಪು ಅವರಿಗೆ.

ಸ್ಕ್ಯಾನ್, ರೆಕಾರ್ಡಿಂಗ್ ಎಲ್ಲವೂ ಕನಿಷ್ಠ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಿನ ಮನೆಯಲ್ಲಿ. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ಪುಸ್ತಿಕೆಯನ್ನು ವರ್ಷಾಬ್ದಿಕದಂದು ಹಂಚುವುದು ವಾಡಿಕೆ, ಆಯುಧಪೂಜೆಯ ದಿನ ಗ್ಯಾರೇಜುಗಳಿಗೆ ಹೋಗಿ ಕೊಟ್ಟರೆ ಕೆಲಸ ಬಲ್ಲವರ ಕೈ ಸೇರುತ್ತದೆ. ಸ್ಪೇರ್ಸ್ ಅಂಗಡಿಗೆ, ಲೇತಿಗೆ, ಊರಿನ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕೊಡಿ. ಕೊನೆಯ ಎರಡು ಪುಟ ಬರಿದಾಗಿ ಬಿಟ್ಟು ಕೆಳಗೆ ಮನೆಯವರ ಫೋನ್ ನಂಬರ್ ಹಾಕಿ. ಓದಿದವರು ‘ನಮ್ಮ ಗಾಡಿಯನ್ನೂ ಅವರೇ ನೋಡ್ತಿದ್ರು’ ಎಂದು ಫೋನ್ ಮಾಡುತ್ತಾರೆ, ಅವರು ಹೇಳಿದ್ದನ್ನು ಮನೆಯ ಪ್ರತಿಯ ಆ ಪುಟಗಳಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ.